ಕೆರೆಯ ದಡದಿಂದ ರಾಮಸ್ವಾಮಿ ವೃತ್ತಕ್ಕೆ

ಮೈಸೂರಿಗೆ ಬಂದವರು ಅರಮನೆಯನ್ನೂ ಚಾಮುಂಡಿ ಬೆಟ್ಟವನ್ನೂ ನೋಡಿ ತೃಪ್ತರಾಗಿ ಹಿಂದಿರುಗುವುದುಂಟು. ಪತ್ರಿಕಾವೃತ್ತಿಯನ್ನು ಅಭ್ಯಸಿಸುತ್ತಿರುವ ವಿದ್ಯಾರ್ಥಿಗಳಾದ ನಾವು ವಾಚಕ ಮಹಾಶಯರನ್ನು ಬೇರೊಂದು ದಾರಿಯಲ್ಲಿ ಕರೆದೊಯ್ಯಬಯಸುತ್ತೇವೆ.

ಇಲ್ಲಿಯ ವಿಶ್ವವಿದ್ಯಾನಿಲಯವು 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಸ್ಥಾಪಿತವಾಯಿತು. ಅದರ ಈಗಿನ ಆವರಣಕ್ಕೆ ಮಾನಸಗಂಗೋತ್ರಿಯೆಂದು ಹೆಸರಿಟ್ಟವರು ಕುವೆಂಪುರವರು. ಪಕ್ಕದ ಕುಕ್ಕರಹಳ್ಳಿ ಕೆರೆಯ ದಡದಲ್ಲಿ ಪಠ್ಯಪುಸ್ತಕ ಹಿಡಿದವರೂ ಉಂಟು, ವೃತ್ತಪತ್ರಿಕೆ ಹಿಡಿದವರೂ ಉಂಟು. ಪುಸ್ತಕವು ಪರೀಕ್ಷೆಗೆ, ಪತ್ರಿಕೆಯು ಕಾಲಹರಣಕ್ಕೆ ಎಂಬುದು ಹಲವರ ಎಣಿಕೆ.

ಈ ಎಣಿಕೆ ಸಲ್ಲದೆಂಬುದಕ್ಕೆ, ಮಹಾರಾಜಾ ಕಾಲೇಜಿನಿಂದ ನಡೆದೇ ಹೋಗಬಹುದಾದ ರಾಮಸ್ವಾಮಿ ವೃತ್ತವು ಸಾಕ್ಷಿಯಾಗಿದೆ. ದೇಶವು ಸ್ವತಂತ್ರವಾದ ಮರುತಿಂಗಳು, 1947ರ ಸೆಪ್ಟೆಂಬರಿನಲ್ಲಿ, ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರವಾಗಬೇಕೆಂದು ನಡೆದ ‘ಮೈಸೂರು ಚಲೋ’ ಚಳವಳಿಯಲ್ಲಿ ರಾಮಸ್ವಾಮಿಯೆಂಬ ವಿದ್ಯಾರ್ಥಿಯು ಗುಂಡೇಟಿಗೆ ಬಲಿಯಾದನು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಆ ಬಾಲಕನು ಅದನ್ನು ಕಾಣಲಿಲ್ಲ. ಇಂದು ಅವನ ಹೆಸರು ಎಷ್ಟೋ ಜನಕ್ಕೆ ಬಸ್ಸಿನಿಂದ ಇಳಿಯುವ ಸ್ಥಳದ ಗುರುತು ಮಾತ್ರ.

1989ರಿಂದ 18 ವರ್ಷ ತುಂಬಿದವರಿಗೆಲ್ಲ ಮತಾಧಿಕಾರವುಂಟು. ಎಂದರೆ, ಕಾಲೇಜಿನ ಮೆಟ್ಟಿಲೇರುವಾಗಲೇ ನಮ್ಮ ಕೈಗೆ ರಾಜ್ಯಭಾರದ ಒಂದು ಪಾಲು ಬಂದಿರುತ್ತದೆ. ಲೋಕದ ವರ್ತಮಾನವನ್ನರಿಯದೆ ಅದನ್ನು ನಿರ್ವಹಿಸುವ ಬಗೆ ಹೇಗೆ? ಆದುದರಿಂದ ಮನೆಯ ಮಕ್ಕಳು ಪತ್ರಿಕೆಯನ್ನು ಬಿಡಿಸಿದಾಗ, ಪಾಠ ಓದಿರೆಂದು ಹಿರಿಯರು ಗದರಿಸದಿರಲಿ, ಓದಿದುದೇನೆಂದು ಕೇಳಲಿ. ಅದೂ ಪಾಠವೇ.