ಗಾಲಿಯ ಮೇಲಿನ ಮನೆ

ಬನದ ಹುಣ್ಣಿಮೆ ಸಮೀಪಿಸಿತೆಂದರೆ ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಒಕ್ಕಲು ಮನೆಗಳಲ್ಲಿ ಬಾದಾಮಿ ಬನಶಂಕರಿಯ ಜಾತ್ರೆಗೆ ಸವಾರಿ ಬಂಡಿ ಸಜ್ಜಾಗುತ್ತಿತ್ತು. ರಬಕವಿ-ಬನಹಟ್ಟಿಯ ನೇಕಾರರಲ್ಲಿ ಹಲವರಿಗಂತೂ ಆಕೆ ಕುಲದೇವತೆ. ಬಿದಿರಿನ ಕಮಾನು, ತಟ್ಟಿಯ ಹೊದಿಕೆ, ಹುಲ್ಲಿನ ಮೇಲೆ ಕೌದಿ, ಕೆಳಗೆ ತೂಗುವ ಕಂದೀಲು: ಹಾದಿಯಲ್ಲೂ ಜಾತ್ರೆಯಲ್ಲೂ ಅದೇ ಮನೆ.

ಹಿರಿಯರು ಮೊದಲು ನೋಡುತ್ತಿದ್ದುದು ಗಾಲಿಯನ್ನು. ಒಣಹವೆಗೆ ಕಟ್ಟಿಗೆ ಕುಗ್ಗಿ ಕಬ್ಬಿಣದ ಹಳಿ ಸಡಿಲಾದರೆ, ಗಾಲಿಯನ್ನು ನೀರಿನಲ್ಲಿ ನೆನೆಯಿಟ್ಟು ಉಬ್ಬಿಸುವುದು ತಾತ್ಕಾಲಿಕ ಉಪಾಯ. ನಿಜವಾದ ದುರಸ್ತಿ ಕಮ್ಮಾರನದು. ಹಳಿಯನ್ನು ಕತ್ತರಿಸಿ, ಗಾಲಿಗಿಂತ ತುಸು ಕಿರಿದಾಗಿ ಬೆಸೆದು, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದೊಡನೆ ತೊಡಿಸಿ ನೀರು ಸುರಿಯುತ್ತಿದ್ದನು. ತಣಿದ ಕಬ್ಬಿಣವು ಕಟ್ಟಿಗೆಯನ್ನು ಬಿಗಿದಪ್ಪುತ್ತಿತ್ತು. ಅಚ್ಚಿಗೆ ಕೀಲೆಣ್ಣೆ ಸವರುವುದು, ಕಡಾಣಿಯ ಸವೆತ ಪರೀಕ್ಷಿಸುವುದು ಮನೆಯ ಹುಡುಗರ ಕೆಲಸ.

ಈಗ ಬಹುತೇಕ ಆ ಸ್ಥಾನಕ್ಕೆ ಕಬ್ಬು ಹೇರುವ ಟ್ರೇಲರ್ ಬಂದಿದೆ. ಕೊಳವೆಯ ಕಮಾನು, ತಾಡಪತ್ರಿ, ಬ್ಯಾಟರಿ ದೀಪ, ಗ್ಯಾಸ್ ಒಲೆ, ಸುಧಾರಣೆಗೇನೂ ಕೊರತೆಯಿಲ್ಲ! ಆದರೆ ಟ್ರ್ಯಾಕ್ಟರಿಗೆ ಜೋಡಿಸುವ ಕೀಲು, ಟಾಯರಿನ ಗಾಳಿ, ಹಿಂಬದಿಯ ಕೆಂಪು ದೀಪಗಳನ್ನು ನೋಡುವವರು ವಿರಳ. ಬಂಡಿಯ ಕಡಾಣಿ ಕಳಚಿದರೆ ಎತ್ತುಗಳು ನಿಲ್ಲುತ್ತಿದ್ದವು. ಓಡುವ ಟ್ರೇಲರಿನ ಕೀಲು ಕಳಚಿದರೆ ಒಳಗೆ ಮಲಗಿದ ಮಕ್ಕಳ ಗತಿಯೇನು? ಸರಕಿನ ಟ್ರೇಲರಿನಲ್ಲಿ ಜನರನ್ನು ಒಯ್ಯುವುದು ಕಾನೂನಿಗೂ ಸಮ್ಮತವಲ್ಲ. ಮನೆಮಂದಿಯೆಲ್ಲ ಬಸ್ಸಿನಲ್ಲಿ ಹೋಗಲಿ. ಟ್ರೇಲರ್ ಪಾತ್ರೆ-ಹಾಸಿಗೆಗಳನ್ನು ಹೊತ್ತು ಹಿಂದಿನಿಂದ ಬಂದು, ಜಾತ್ರೆಯ ಬಯಲಿನಲ್ಲಿ ನಿಂತ ಮೇಲೆ ಮನೆಯಾಗಲಿ.