ಸುಣ್ಣದ ಬೊಟ್ಟು

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಮ್ಮ ತಾನಾಗಿ ಫೋನ್ ಮಾಡಿದಳು. "ನಿನ್ನ ಆ ಪೆಟ್ಟಿಗೆ ನನ್ನ ಕೈಯಿಂದ ಹಾಳಾಯ್ತೇನೋ, ತಮ್ಮಾ?" ಎಂದು ಕೇಳಿದಳು. ರಾತ್ರಿಯಿಡೀ ಉಬ್ಬಸದಲ್ಲಿ ಕೂತು ಬೆಳಗು ಕಂಡ 76 ವರ್ಷದ ಹೆಂಗಸು ಒಂದು ಬ್ಯಾಟರಿಯ ವಿಚಾರಕ್ಕೆ ಮಗನ ಮುಂದೆ ತಪ್ಪಿತಸ್ಥಳ ಹಾಗೆ ನಿಂತಿದ್ದಳು. ಹಾಗೆ ನಿಲ್ಲಿಸಿದವನು ನಾನು. ಅವಳಿನ್ನೂ ಆಸ್ಪತ್ರೆಯ ಮಂಚದ ಮೇಲಿದ್ದಾಗ ಪಕ್ಕದ ಮನೆಯ ಹುಡುಗ ಫೋನಿನಲ್ಲಿ ನಡೆದದ್ದನ್ನೆಲ್ಲ ಹೇಳಿ ಅವಳ ಕೈಗೆ ಕೊಟ್ಟಿದ್ದ. "ಪ್ಲಗ್ ಯಾಕೆ ಕಿತ್ತೆ? ತೆಗೀಬೇಡ ಅಂತ ಎಷ್ಟು ಸಲ ಹೇಳಿದ್ದೆ?" ಎಂದು ನಾನು ಗದರಿಸಿದ್ದೆ. ಉಸಿರು ಹೇಗಿದೆ ಎಂದು ಕೇಳಿದ್ದು ಆಮೇಲೆ.

ಯಾವುದನ್ನು ಮೊದಲು ಕೇಳಬೇಕು, ಯಾವುದನ್ನು ಆಮೇಲೆ ಎಂಬುದು ನನಗೆ ಆ ಬೆಳಗ್ಗೆ ಮಾತ್ರ ಮರೆತುಹೋದದ್ದಲ್ಲ. ಆರು ತಿಂಗಳಿಂದ ನಾನು ಹಾಗೆಯೇ ಬದುಕಿದ್ದೆ.

ನಮ್ಮ ಮನೆ ಸಾಗರ ತಾಲ್ಲೂಕಿನಲ್ಲಿ, ಲಿಂಗನಮಕ್ಕಿ ಹಿನ್ನೀರಿಗೆ ಹತ್ತಿರ. 1964ರಲ್ಲಿ ಮುಗಿದ ಆ ಅಣೆಕಟ್ಟಿನ ನೀರಿನಲ್ಲಿ ಅಜ್ಜನ ಮನೆ, ತೋಟ ಎರಡೂ ಮುಳುಗಿದವು. ಆ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವಾಟ್‌ವರೆಗೆ ವಿದ್ಯುತ್ ಹುಟ್ಟುತ್ತದೆ. ಮುಳುಗಿದ ಜಾಗದಿಂದ ಎದ್ದು ಬಂದು ಹೊಸದಾಗಿ ಕಟ್ಟಿಕೊಂಡ ಮನೆಗೆ ಅಮ್ಮ ಸೊಸೆಯಾಗಿ ಬಂದಾಗ ಇದ್ದದ್ದು ಲಾಟೀನು ಮತ್ತು ಬುಡ್ಡಿದೀಪ. ಮಳೆಗಾಲದಲ್ಲಿ ತಂತಿಯ ಮೇಲೊಂದು ಮರ ಬಿದ್ದರೆ ಈಗಲೂ ಒಮ್ಮೊಮ್ಮೆ ಎರಡು ದಿನ ಕತ್ತಲೆ. ಏಣಿ ಹೊತ್ತು ಕಾಡಿನೊಳಗೆ ಜಿಗಣೆ ಕಚ್ಚಿಸಿಕೊಂಡು ನಡೆಯುವ ಲೈನ್‌ಮನ್‌ಗಳನ್ನು ಕಂಡವರು ಅವರನ್ನು ಬೈಯಲಾರರು.

ಅಪ್ಪ ಇರುವವರೆಗೆ ಮನೆಯಲ್ಲಿ ಇನ್ವರ್ಟರ್ ಇತ್ತು. 150 ಆಂಪಿಯರ್-ಅವರ್‌ನ ಟ್ಯೂಬ್ಯುಲರ್ ಬ್ಯಾಟರಿಗೆ ಅವರು ತಪ್ಪದೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದರು. ಅವರು ಹೋದ ಮೇಲೆ ನೀರು ಹಾಕುವವರಿಲ್ಲದೆ ಒಳಗಿನ ಪ್ಲೇಟುಗಳು ಒಣಗಿದವು. ಆ ಬ್ಯಾಟರಿ ಸತ್ತ ವಿಷಯ ನನಗೆ ತಿಳಿದದ್ದೇ ಎಂಟು ತಿಂಗಳ ನಂತರ. ಅಷ್ಟು ದಿನ ನಾನು ಊರಿಗೆ ಹೋಗಿರಲಿಲ್ಲ. ಅಮ್ಮನ ಉಬ್ಬಸಕ್ಕೆ ವೈದ್ಯರು ನೆಬ್ಯುಲೈಸರ್ ಬರೆದುಕೊಟ್ಟಿದ್ದರು. ಕರೆಂಟ್ ಇಲ್ಲದ ರಾತ್ರಿ ಅವಳೇನು ಮಾಡುತ್ತಾಳೆ ಎಂಬ ಯೋಚನೆ ಬೆಂಗಳೂರಿನಲ್ಲಿ ನನ್ನ ನಿದ್ದೆ ಕೆಡಿಸತೊಡಗಿತು. ಆಗ ನಾನು ಮಾಡಿದ್ದು ಬಸ್ ಟಿಕೆಟ್ ಕಾದಿರಿಸುವ ಕೆಲಸವನ್ನಲ್ಲ, ದೊಡ್ಡ ಪೋರ್ಟಬಲ್ ಪವರ್ ಸ್ಟೇಷನ್ ಹುಡುಕುವ ಕೆಲಸವನ್ನು.

ಮೂರು ವಾರ ರಾತ್ರಿ ಕೂತು ಓದಿದೆ. ಕೊನೆಗೆ ಆರಿಸಿದ್ದು 2048 ವಾಟ್-ಅವರ್ ಹಿಡಿಯುವ, 2200 ವಾಟ್ ಕೊಡುವ, 23 ಕಿಲೋ ತೂಗುವ ಪೆಟ್ಟಿಗೆ. ಲೆಕ್ಕದ ಪ್ರಕಾರ ಅದು 100 ವಾಟ್‌ನ ಸಾಧನವೊಂದನ್ನು 20 ಗಂಟೆ ನಡೆಸಬೇಕು. ಒಳಗಿನದು ಲಿಥಿಯಂ ಐರನ್ ಫಾಸ್ಫೇಟ್. ಈ ವಸ್ತುವನ್ನು ಬ್ಯಾಟರಿಯ ಲೋಕಕ್ಕೆ ತಂದದ್ದು ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್ ಅವರ ಪ್ರಯೋಗಾಲಯ. 1997ರ ಆ ಪ್ರಬಂಧದಲ್ಲಿ ಅವರೊಂದಿಗಿರುವ ಹೆಸರುಗಳು ಎ. ಕೆ. ಪಾಧಿ ಮತ್ತು ಕೆ. ಎಸ್. ನಂಜುಂಡಸ್ವಾಮಿ. ಲಿಥಿಯಂ ಬ್ಯಾಟರಿಗಳ ಮೇಲಿನ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಬಂದಾಗ ಗುಡ್‌ಇನಫ್ ಅವರಿಗೆ 97 ವರ್ಷ. ಫಾಸ್ಫೇಟ್‌ನಲ್ಲಿ ಆಮ್ಲಜನಕವನ್ನು ರಂಜಕ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಬಿಸಿಯೇರಿದರೂ ಅದು ಸುಲಭಕ್ಕೆ ಹೊರಬಂದು ಬೆಂಕಿಗೆ ಉಣಿಸಾಗುವುದಿಲ್ಲ. ಮರದ ಅಟ್ಟ, ಅಟ್ಟದ ತುಂಬ ಒಣಗಿದ ಅಡಿಕೆ ಹಾಳೆ ಇರುವ ಮನೆಗೆ ಇದು ಮುಖ್ಯ. ಆ ಆಯ್ಕೆಯ ಬಗ್ಗೆ ನನಗೆ ಈಗಲೂ ವಿಷಾದವಿಲ್ಲ.

ಜನವರಿಯಲ್ಲಿ ಪೆಟ್ಟಿಗೆಯೊಂದಿಗೆ ಊರಿಗೆ ಹೋದೆ. ಮೂರು ದಿನ ರಜೆ, ಒಂದು ವಾಟ್‌ಮೀಟರ್, ಒಂದು ನೋಟ್‌ಬುಕ್. ಎಲ್ಲವನ್ನೂ ಅಳೆದೆ. ಪೂರ್ತಿ ತುಂಬಿಸಿ ದೊಡ್ಡ ಲೋಡ್ ಕೊಟ್ಟು ಖಾಲಿ ಮಾಡಿದಾಗ ಸಾಕೆಟ್‌ನಿಂದ ಸಿಕ್ಕಿದ್ದು 1750 ವಾಟ್-ಅವರ್, ಅಂದರೆ ಬರೆದದ್ದರಲ್ಲಿ ಸುಮಾರು ನೂರಕ್ಕೆ 85. ಉಳಿದದ್ದು ಬ್ಯಾಟರಿಯ ಡಿಸಿಯನ್ನು ಮನೆಯ ಎಸಿ ಮಾಡುವಾಗ ಬಿಸಿಯಾಗಿ ಹೋಗುತ್ತದೆ. ಮಿಕ್ಸಿ ತಿರುಗಿತು, ಗ್ರೈಂಡರ್ ತಿರುಗಿತು. ಫ್ರಿಜ್ ಒಂದು ಹಗಲು ಒಂದು ರಾತ್ರಿ ನಡೆದು, ಮೇಲೆ ಇನ್ನಷ್ಟು ಉಳಿಯಿತು. ಇಂಡಕ್ಷನ್ ಒಲೆ ಇಟ್ಟರೆ ಗಂಟೆಯೊಳಗೆ ಎಲ್ಲವೂ ಖಾಲಿ. ಬಾವಿಯ 1 ಎಚ್‌ಪಿ ಪಂಪು ಓಡುವಾಗ ಕೇಳುವುದು 1100 ವಾಟ್ ಮಾತ್ರ, ಆದರೆ ಏಳುವ ಗಳಿಗೆಯಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಮೂರು ಸಲದಲ್ಲಿ ಎರಡು ಸಲ ಪೆಟ್ಟಿಗೆ ಟ್ರಿಪ್ ಆಯಿತು. ಮೋಟಾರ್ ಇರುವ ಯಾವುದನ್ನೇ ಆಗಲಿ ಅದರ ಮೈಮೇಲೆ ಬರೆದ ವಾಟ್ ನೋಡಿ ನಂಬಬಾರದು ಎಂದು ಬರೆದುಕೊಂಡೆ.

ಹೊರಾಂಗಣದ ಪರೀಕ್ಷೆಯೂ ತಾನಾಗಿ ಒದಗಿತು. ಪಕ್ಕದ ಮನೆಯ ಅಂಗಳದಲ್ಲಿ ತಾಳಮದ್ದಳೆ. ಆಂಪ್ಲಿಫೈಯರ್, ಎರಡು ಸ್ಪೀಕರ್, ಮೈಕುಗಳು, ಎಲ್‌ಇಡಿ ದೀಪಗಳು ಎಲ್ಲ ಸೇರಿ 180 ವಾಟ್. ಐದು ಗಂಟೆ ನಡೆದ ಮೇಲೂ ಅರ್ಧದಷ್ಟು ಉಳಿದಿತ್ತು. ಜನರೇಟರ್‌ನ ಸದ್ದಿಲ್ಲದ ಅಂಗಳದಲ್ಲಿ ಅರ್ಥಧಾರಿ ದನಿ ತಗ್ಗಿಸಿ ಆಡಿದ ಮಾತೂ ಹಿಂದಿನ ಸಾಲಿಗೆ ಕೇಳುತ್ತಿತ್ತು. ಎಲ್ಲರೂ ಪೆಟ್ಟಿಗೆಯ ಸುತ್ತ ಸೇರಿ ಹೊಗಳಿದರು. ಆ ಹೊಗಳಿಕೆ ನನಗೆ ಬೇಕಿತ್ತು. ಅಮ್ಮನಿಗಾಗಿ ಇಷ್ಟು ಮಾಡಿದ ಮಗ ಎಂದು ಊರು ಹೇಳಲಿ ಎಂಬ ಆಸೆ ಒಂದು ಲಕ್ಷ ರೂಪಾಯಿಗೂ ಮೇಲಿನ ಆ ಖರ್ಚಿನೊಳಗೆ ಮೊದಲಿಂದಲೂ ಇತ್ತು ಎಂದು ಇವತ್ತು ಒಪ್ಪಿಕೊಳ್ಳುತ್ತೇನೆ.

ಆ ಹುಮ್ಮಸ್ಸಿನಲ್ಲಿ ಇನ್ನೊಂದು ದೊಡ್ಡ ತಪ್ಪು ಮಾಡುವುದರಲ್ಲಿದ್ದೆ. ಎರಡೂ ತುದಿಗೆ ಪಿನ್ ಇರುವ ಒಂದು ವೈರು ಮಾಡಿ, ಪೆಟ್ಟಿಗೆಯಿಂದ ಗೋಡೆಯ ಸಾಕೆಟ್‌ಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡುವ ಯೋಚನೆ. ಊರಿನ ಎಲೆಕ್ಟ್ರಿಷಿಯನ್ ಆ ವೈರನ್ನು ನನ್ನ ಕೈಯಿಂದ ತೆಗೆದುಕೊಂಡು ಒಂದು ತುದಿ ಕತ್ತರಿಸಿದರು. "ಮೇನ್ ಸ್ವಿಚ್ ಇಳಿಸೋದು ಒಂದು ಸಲ ಮರೆತ್ರೆ ಸಾಕು ಸಾರ್. ನಿಮ್ಮ ಕರೆಂಟು ಲೈನಿಗೆ ಹೋಗ್ತದೆ. ಕಂಬದ ಮೇಲೆ ಇರೋನಿಗೆ ಅದು ಗೊತ್ತಿರೋದಿಲ್ಲ" ಎಂದರು. ಮನೆಯ 230 ವೋಲ್ಟ್ ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರ್ ಹೊಕ್ಕರೆ ಆಚೆ ಕಡೆ 11 ಸಾವಿರ ವೋಲ್ಟ್ ಆಗಬಲ್ಲದು. ನಮ್ಮನೆಗೆ ಬೆಳಕು ತರಲೆಂದು ಮಳೆಯಲ್ಲಿ ಕಂಬ ಹತ್ತಿದವನ ಜೀವಕ್ಕೆ ನಾನೇ ಸಂಚಕಾರ ತರುತ್ತಿದ್ದೆ. ಆ ರಾತ್ರಿ ನೋಟ್‌ಬುಕ್ ಮುಚ್ಚಿಟ್ಟು ಬಹಳ ಹೊತ್ತು ಕೂತೆ. ಆದರೆ ಅದರಿಂದ ಕಲಿಯಬೇಕಾದಷ್ಟು ಕಲಿಯಲಿಲ್ಲ. ಯಂತ್ರದ ಆಚೆ ತುದಿಯಲ್ಲಿ ಯಾರಿದ್ದಾರೆ ಎಂದು ಕೇಳಿಕೊಳ್ಳುವ ಬುದ್ಧಿ ಲೈನ್‌ಮನ್‌ನ ಮಟ್ಟಿಗೆ ಬಂತು, ಈಚೆ ತುದಿಯ ಅಮ್ಮನ ಮಟ್ಟಿಗೆ ಬರಲಿಲ್ಲ.

ಹದಿನಾಲ್ಕು ಪುಟ ಬರೆದಿದ್ದೆ. ಅದರಲ್ಲಿ ಇಲ್ಲದ್ದು ಇಷ್ಟು: ಆ 23 ಕಿಲೋ ಪೆಟ್ಟಿಗೆಯನ್ನು ಅಮ್ಮ ಒಂದು ಅಂಗುಲವೂ ಸರಿಸಲಾರಳು. ಪರದೆಯ ಮೇಲಿನ ಇಂಗ್ಲಿಷ್ ಅಕ್ಷರ ಅವಳ ಕಣ್ಣಿಗೆ ಕಾಣುವುದಿಲ್ಲ. ಗುಂಡಿಗಳೆಲ್ಲ ಒಂದೇ ಕಪ್ಪು ಬಣ್ಣ. ಎಲ್ಲಕ್ಕಿಂತ ಮೇಲಾಗಿ, ಗುಡುಗು ಕೇಳಿಸಿದ ಕೂಡಲೇ ಅವಳು ಮನೆಯ ಎಲ್ಲ ಪ್ಲಗ್ ಕೀಳುತ್ತಾಳೆ. ಸಿಡಿಲಿಗೆ ಟಿವಿ, ಫೋನು ಸುಟ್ಟುಹೋದ ಮನೆಗಳನ್ನು ಕಂಡ ಮಲೆನಾಡಿನವರಿಗೆ ಅದು ಕೈಗೆ ಹತ್ತಿದ ಅಭ್ಯಾಸ. ನಾನೂ ಚಿಕ್ಕಂದಿನಲ್ಲಿ ಅವಳ ಹಿಂದೆ ಓಡಾಡಿ ಕಿತ್ತವನೇ. "ಇದನ್ನು ಮಾತ್ರ ತೆಗೀಬೇಡ" ಎಂದು ಹೇಳಿ ಬರುವಾಗ, ನನ್ನ ಒಂದು ಮಾತಿಗೆ ಐವತ್ತು ವರ್ಷದ ಎಚ್ಚರ ಸರಿದು ನಿಲ್ಲುತ್ತದೆ ಎಂದುಕೊಂಡೆ. ಅಷ್ಟಕ್ಕೂ ಅವಳು ಮಾಡುತ್ತಿದ್ದುದೇ ಸರಿ.

ಮೇ ಕೊನೆಯಲ್ಲಿ ಮತ್ತೆ ಹೋಗಿ, ಪೆಟ್ಟಿಗೆಯನ್ನು ಅವಳ ಮಂಚದ ಪಕ್ಕ ಇಟ್ಟು, ನೆಬ್ಯುಲೈಸರ್ ಮತ್ತು ವೈಫೈ ರೌಟರ್ ಅದಕ್ಕೆ ಸಿಕ್ಕಿಸಿ ಭಾನುವಾರ ಹೊರಟು ಬಂದೆ. ಮಂಗಳವಾರ ಮಧ್ಯಾಹ್ನ ಗುಡುಗಿತು, ಅಮ್ಮ ಪ್ಲಗ್ ಕಿತ್ತಳು. ಮಳೆ ನಿಂತ ಮೇಲೆ ಉಳಿದದ್ದನ್ನೆಲ್ಲ ಹಾಕಿದಳು, ಮಂಚದ ಸಂದಿಯ ಅದೊಂದು ಮರೆತುಹೋಯಿತು. ಪೆಟ್ಟಿಗೆಯ ಎಸಿ ಗುಂಡಿಯನ್ನು ನಾನು ಆನ್ ಮಾಡಿಯೇ ಇಟ್ಟಿದ್ದೆ. ಯಾವುದನ್ನೂ ನಡೆಸದಿದ್ದರೂ ಒಳಗಿನ ಇನ್ವರ್ಟರ್ ಸುಮ್ಮನೆ ಎಚ್ಚರವಾಗಿರಲು 20 ವಾಟ್ ತಿನ್ನುತ್ತಿತ್ತು. ಅದರ ಜತೆಗೆ ರೌಟರ್ ಸೇರಿದರೆ ಎರಡೂವರೆ ದಿನಕ್ಕೆ ಎಲ್ಲವೂ ಖಾಲಿ. ಆ 20 ವಾಟ್ ನನ್ನ ನೋಟ್‌ಬುಕ್‌ನ ಆರನೆಯ ಪುಟದಲ್ಲಿ ಇತ್ತು. ನಾನೇ ಬರೆದದ್ದು.

ಬುಧವಾರ ರಾತ್ರಿ ಮೊಬೈಲ್‌ನ ಆ್ಯಪ್ ತೆರೆದಾಗ ನೂರಕ್ಕೆ 50 ಎಂದು ತೋರಿಸಿತು. ಊರಲ್ಲಿ ಕರೆಂಟ್ ಹೋಗಿದೆ, ಪೆಟ್ಟಿಗೆ ಅಮ್ಮನನ್ನು ಕಾಯುತ್ತಿದೆ ಎಂದು ಹಿಗ್ಗಿದೆ. ಆ ಪರದೆಯ ಚಿತ್ರವನ್ನು ಗೆಳೆಯರಿಗೆ ಕಳಿಸಿದೆ. ಅಮ್ಮನಿಗೆ ಫೋನ್ ಮಾಡಲಿಲ್ಲ. ಗುರುವಾರ ನೋಡಲೇ ಇಲ್ಲ. ಶುಕ್ರವಾರ ಆಫ್‌ಲೈನ್ ಎಂದು ಬಂತು, ನೆಟ್‌ವರ್ಕ್ ಇರಲಿಕ್ಕಿಲ್ಲ ಅಂದುಕೊಂಡೆ. ಪೆಟ್ಟಿಗೆ ಬರುವ ಮೊದಲು ನಾನು ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದೆ. ಬಂದ ಮೇಲೆ ಆ ಅಂಕಿ ನೋಡಿದರೆ ಮಾತಾಡಿಸಿದಷ್ಟೇ ಸಮಾಧಾನವಾಗುತ್ತಿತ್ತು. ಮಾತಾಡಿದಾಗಲೂ ಮೊದಲ ಪ್ರಶ್ನೆ, "ಎಷ್ಟು ಪರ್ಸೆಂಟ್ ತೋರಿಸ್ತಾ ಇದೆ ನೋಡು."

ಶುಕ್ರವಾರ ರಾತ್ರಿ ಗಾಳಿಮಳೆಗೆ ನಿಜವಾಗಿ ಕರೆಂಟ್ ಹೋಯಿತು. ಎರಡು ಗಂಟೆಗೆ ಅವಳಿಗೆ ಉಬ್ಬಸ ಏರಿತು. ಗುಂಡಿ ಒತ್ತಿದಳು, ಪೆಟ್ಟಿಗೆ ಮಿಸುಕಲಿಲ್ಲ. ನನಗೆ ಫೋನ್ ಮಾಡಲಿಲ್ಲ, "ನಿದ್ದೆ ಕೆಡಿಸೋದು ಯಾಕೆ" ಎಂದು. ಬೆಳಗಿನ ಜಾವ ಪಕ್ಕದ ಮನೆಯ ಹುಡುಗ ಹಾಲು ಕೊಡಲು ಬಂದವನು ಅವಳನ್ನು ಕಂಡು ಜೀಪಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದ. ಆಮೇಲಿನದು ನಾನು ಗದರಿಸಿದ ಆ ಮಾತು.

ಅದೇ ದಿನ ಬಸ್ ಹತ್ತಿದೆ. ಮರುದಿನ ವೈದ್ಯರನ್ನು ಕಂಡಾಗ ಅವರು ಒಂದು ಪ್ಲಾಸ್ಟಿಕ್ ಕೊಳವೆ ತೋರಿಸಿದರು. ಅದರ ಹೆಸರು ಸ್ಪೇಸರ್. ಇನ್‌ಹೇಲರನ್ನು ಅದಕ್ಕೆ ಸಿಕ್ಕಿಸಿ ನಿಧಾನವಾಗಿ ಉಸಿರೆಳೆದರೆ ಬಹುತೇಕ ಸಲ ನೆಬ್ಯುಲೈಸರ್‌ನಷ್ಟೇ ಗುಣ, ಕರೆಂಟ್ ಬೇಡ, ದಿಂಬಿನ ಕೆಳಗೆ ಇಟ್ಟುಕೊಳ್ಳಬಹುದು. ಬೆಲೆ ಕೆಲವು ನೂರು ರೂಪಾಯಿ. "ಇದನ್ನು ಮೊದಲೇ ಕೇಳಬಹುದಿತ್ತಲ್ಲ" ಎಂದು ಅವರು ಮೆಲ್ಲಗೆ ಅಂದರು. ಹೌದು, ಕೇಳಬಹುದಿತ್ತು. ಮೂರು ವಾರ ರಾತ್ರಿ ನಿದ್ದೆಗೆಟ್ಟು ವಾಟ್-ಅವರ್ ಓದಿದವನು ಅಮ್ಮನ ಜತೆ ಒಂದು ಸಲವೂ ಅವಳ ವೈದ್ಯರ ಎದುರು ಕೂತಿರಲಿಲ್ಲ.

ಅವತ್ತು ರಾತ್ರಿ ಅವಳ ಎದುರು ಕೂತು ಹೊಸದಾಗಿ ಲೆಕ್ಕ ಹಾಕಿದೆ. ರಾತ್ರಿ ಅವಳಿಗೆ ಬೇಕಾದದ್ದು ಎರಡು ದೀಪ, ಫೋನ್ ಚಾರ್ಜು, ಸೆಕೆಯಿದ್ದರೆ ಒಂದು ಫ್ಯಾನು. ದೀಪಗಳೆರಡೂ ಸೇರಿ 18 ವಾಟ್. ಅವುಗಳಿಗಾಗಿ ಎಚ್ಚರವಾಗಿರುವ ದೊಡ್ಡ ಇನ್ವರ್ಟರ್ ತಾನೇ 20 ವಾಟ್ ತಿನ್ನುತ್ತದೆ, ಅಂದರೆ ಸಣ್ಣ ಕೆಲಸಕ್ಕೆ ದೊಡ್ಡ ಪೆಟ್ಟಿಗೆ ಇಟ್ಟರೆ ಅರ್ಧಕ್ಕಿಂತ ಹೆಚ್ಚು ವ್ಯರ್ಥ. ಒಳಗೇ ಬ್ಯಾಟರಿ ಇರುವ, ಕರೆಂಟ್ ಹೋದರೂ ಉರಿಯುವ ಎಲ್‌ಇಡಿ ಬಲ್ಬ್‌ಗಳನ್ನು ಅಡುಗೆಮನೆಗೂ ಬಚ್ಚಲ ದಾರಿಗೂ ಹಾಕಿದೆ. ಪೆಟ್ಟಿಗೆಯ ಜತೆಗೇ ತಂದಿದ್ದ, ಜನವರಿಯ ಬಿಸಿಲಿನಲ್ಲಿ 150 ವಾಟ್ ಕೊಟ್ಟಿದ್ದ 200 ವಾಟ್‌ನ ಸೋಲಾರ್ ಪ್ಯಾನೆಲ್ ಜೂನ್ ಮೋಡದಡಿ ಕೊಟ್ಟದ್ದು 18 ವಾಟ್. ಬೇಕಾದ ಹೊತ್ತಿಗೆ ಇಲ್ಲಿ ಸೂರ್ಯನೂ ಇರುವುದಿಲ್ಲ ಎಂದು ಅದನ್ನು ಮಡಚಿಟ್ಟೆ. ಪೆಟ್ಟಿಗೆ ಉಳಿಯಿತು. ಎರಡು ದಿನ ಕರೆಂಟ್ ಇಲ್ಲದಾಗ ಫ್ರಿಜ್‌ಗೆ, ನೆಬ್ಯುಲೈಸರ್ ಬೇಕೇ ಬೇಕಾದಾಗ ಅದಕ್ಕೆ, ಅಂಗಳದ ತಾಳಮದ್ದಳೆಗೆ ಅದು ಒಳ್ಳೆಯ ಯಂತ್ರವೇ. ಎಸಿ ಗುಂಡಿ ಆಫ್ ಮಾಡಿಟ್ಟರೆ ವಾರಗಟ್ಟಲೆ ತುಂಬಿದ ಚಾರ್ಜನ್ನು ಉಳಿಸಿಕೊಳ್ಳುತ್ತದೆ.

"ಇದರಲ್ಲಿ ನಾನು ಒತ್ತಬೇಕಾದ್ದು ಯಾವುದು?" ಎಂದು ಅಮ್ಮ ಕೇಳಿದಳು. ಆರು ತಿಂಗಳಲ್ಲಿ ಅವಳಿಗೆ ಆ ಪ್ರಶ್ನೆ ಕೇಳುವಷ್ಟು ಜಾಗವನ್ನೂ ನಾನು ಬಿಟ್ಟಿರಲಿಲ್ಲ. ತೋರಿಸಿದೆ. ಅವಳು ಕವಳದ ಬಟ್ಟಲಿನಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಆ ಕಪ್ಪು ಗುಂಡಿಯ ಮೇಲೆ ಒಂದು ಬೊಟ್ಟು ಇಟ್ಟಳು. ಒಣಗಿ ಬಿಳಿಯಾಗಿ ಎದ್ದು ಕಂಡಿತು. ಕತ್ತಲಲ್ಲೂ ಬೆರಳಿಗೆ ಉರುಟಾಗಿ ಸಿಗುತ್ತದೆ. ಪ್ಲಗ್ ಮರಳಿ ಹಾಕುವುದಕ್ಕೆ ದೇವರಿಗೆ ದೀಪ ಹಚ್ಚುವ ಹೊತ್ತನ್ನು ಅವಳೇ ಗೊತ್ತು ಮಾಡಿಕೊಂಡಳು. ಆ ಹೊತ್ತು ಅವಳಿಗೆ ಎಂದೂ ತಪ್ಪುವುದಿಲ್ಲ. ಆಗ, "ತಪ್ಪು ನನ್ನದಾಗಿತ್ತು ಅಮ್ಮ, ನಿನ್ನ ಮೇಲೆ ಹಾಕಿದೆ" ಎಂದೆ. ಅವಳು ಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡು ಸುಮ್ಮನಿದ್ದಳು. ಆ ಮೌನವನ್ನು ಕ್ಷಮೆ ಎಂದು ನಾನು ಬರೆದುಕೊಂಡಿಲ್ಲ.

ಆ್ಯಪನ್ನು ಫೋನಿನಿಂದ ತೆಗೆದಿದ್ದೇನೆ. ಮೊನ್ನೆ ಊರಲ್ಲಿ ಜೋರು ಗುಡುಗು ಎಂದು ಕೇಳಿ ಸಂಜೆ ಫೋನ್ ಮಾಡಿದೆ. ಉಸಿರು ಹೇಗಿದೆ ಎಂದು ಕೇಳಿದೆ, ತೋಟದ ಕೊಳೆರೋಗದ ಮಾತಾಡಿದೆವು, ಬಸಳೆ ಚಪ್ಪರ ಗಾಳಿಗೆ ಮಗುಚಿದ ಕಥೆ ಹೇಳಿದಳು. ಫೋನ್ ಇಡುವ ಹೊತ್ತಿಗೆ ಪೆಟ್ಟಿಗೆಯ ಸುದ್ದಿಯನ್ನು ಅವಳೇ ಎತ್ತಿದಳು: "ಮಧ್ಯಾಹ್ನ ಪ್ಲಗ್ ಕಿತ್ತಿದ್ದೆ. ಈಗ ದೀಪ ಹಚ್ಚಿ ಹಾಕಿದೀನಿ."