ಗೋಧಿಯೂ ನಮ್ಮ ಕುಲಮೂಲವೂ

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಅಡುಗೆಮನೆಗೆ ಇಣುಕಿದರೆ ಸಾಕು, ಯಾರು ಯಾವ ಸೀಮೆಯವರೆಂದು ಹೇಳಿಬಿಡಬಹುದಾದ ಒಂದು ಕಾಲವಿತ್ತು. ವಿಜಾಪುರ, ಗದಗಿನ ಕಡೆಯವರಲ್ಲಿ ಜೋಳದ ರೊಟ್ಟಿ. ಮೈಸೂರು ಸೀಮೆಯವರಲ್ಲಿ ರಾಗಿಮುದ್ದೆ. ದಕ್ಷಿಣ ಕನ್ನಡದವರಲ್ಲಿ ಕುಚ್ಚಲಕ್ಕಿ ಗಂಜಿ. ಗೋಧಿಯೆಂದರೆ ಹಬ್ಬಕ್ಕೆ ಹೋಳಿಗೆ, ಹುಗ್ಗಿ. ನೆಂಟರು ಬಂದರೆ ಉಪ್ಪಿಟ್ಟು. ಈಗ ನಮ್ಮ ಕಾಂದಿವಲಿಯಲ್ಲಿ ಈ ಭೇದವೆಲ್ಲ ಅಳಿಸಿಹೋಗಿದೆ. ಬೆಳಿಗ್ಗೆ ಪಾವ್ ಇಲ್ಲವೇ ಬ್ರೆಡ್ಡು, ಡಬ್ಬಿಗೆ ಚಪಾತಿ, ಸಂಜೆ ಬಿಸ್ಕತ್ತು, ರಾತ್ರಿ ಮತ್ತೆ ಚಪಾತಿ. ನಾವು ಮೂರು ಸೀಮೆಯವರೂ ಗೋಧಿಯ ಒಕ್ಕಲಾಗಿದ್ದೇವೆ.

ಇದು ಬರಿಯ ರುಚಿಯ ಮಾತೆಂದು ನಾವು ತಿಳಿದಿದ್ದೆವು. ಆದರೆ ನಮಗೆ ಪರಿಚಯದ, ಗದಗಿನ ಕಡೆಯ ಕುಟುಂಬವೊಂದರಲ್ಲಿ ನಡೆದ ಸಂಗತಿ ನಮ್ಮನ್ನು ಯೋಚನೆಗೆ ಹಚ್ಚಿತು. ಅವರ ಒಂಬತ್ತು ವರ್ಷದ ಹುಡುಗಿ ಬೆಳೆಯದೆ ನಿಂತುಬಿಟ್ಟಿದ್ದಳು. ಹೊಟ್ಟೆ ಉಬ್ಬರ, ಆಗಾಗ ಭೇದಿ, ಮುಖ ಬಿಳಿಚು. ಜಂತುಹುಳುವಿನ ಔಷಧಿಯಾಯಿತು, ಕಬ್ಬಿಣದ ಟಾನಿಕ್ಕಾಯಿತು; ರಕ್ತ ಮಾತ್ರ ಏರಲಿಲ್ಲ. ತಂದೆ ಎಲ್ಲಿಯೋ ಓದಿಕೊಂಡು ಸೀಲಿಯಾಕ್ ಇರಬಹುದೇ ಎಂದು ಕೇಳಿದರೆ, ವೈದ್ಯರೊಬ್ಬರು, “ಅದು ಪಂಜಾಬಿಗಳ ಕಾಯಿಲೆ, ನೀವು ದಕ್ಷಿಣದವರು” ಎಂದುಬಿಟ್ಟರು. ಮತ್ತೊಂದು ವರ್ಷ ಕಳೆದ ಮೇಲೆ ಬೇರೊಬ್ಬ ವೈದ್ಯರು ಪರೀಕ್ಷೆ ಮಾಡಿಸಿದರು. ಅದೇ ಕಾಯಿಲೆ. ಆಗ ಮನೆಯಲ್ಲಿ ಇನ್ನೊಂದು ಕಷ್ಟ ಹುಟ್ಟಿತು. “ನಮ್ಮ ಮನಿತನದಾಗ ಏಳು ತಲಿಯಿಂದ ಇಂಥಾ ರೋಗ ಕೇಳಿಲ್ಲ. ಇದು ನಿನ್ನ ತವರಮನಿ ಕಡೀದ ಇರಬೇಕು” ಎಂದು ಅಜ್ಜಿ ಸೊಸೆಗೆ ಅಂದರು. ಆ ತಾಯಿ ಮಗಳ ಕಾಯಿಲೆಯ ಜೊತೆಗೆ ತವರಿನ ಅಪವಾದವನ್ನೂ ಹೊರಬೇಕಾಯಿತು.

ಹಾಗಾದರೆ ಈ ಕಾಯಿಲೆ ಕುಲದಿಂದ ಬರುವುದೇ? ಇಲ್ಲಿ ಸ್ವಲ್ಪ ವಿಜ್ಞಾನ ಹೇಳದೆ ಗತ್ಯಂತರವಿಲ್ಲ. ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿ ಗ್ಲೂಟೆನ್ ಎಂಬ ಅಂಟಿನ ಸಸಾರಜನಕವಿದೆ. ಕಣಕ ನಾದಿದಾಗ ಎಳೆದಷ್ಟೂ ಹಿಗ್ಗುವುದು ಇದರಿಂದಲೇ. ಕೆಲವರ ದೇಹ ಇದನ್ನು ಶತ್ರುವೆಂದು ಭ್ರಮಿಸಿ ಹೋರಾಡಲು ಹೋಗಿ, ತನ್ನದೇ ಸಣ್ಣ ಕರುಳಿನ ಒಳಗೋಡೆಯನ್ನು ಕೆಡಿಸಿಕೊಳ್ಳುತ್ತದೆ. ಆಹಾರ ಹೀರುವ ಬೆರಳಿನಂಥ ಕುಚ್ಚುಗಳು ಸವೆದು ಚಪ್ಪಟೆಯಾಗುತ್ತವೆ. ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಗೋಧಿಯೇ ಕಾರಣವೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಅವರ ಪ್ರಬಂಧ ೧೯೫೦ರದು.

ಈ ಕಾಯಿಲೆಗೆ ಎಡೆಕೊಡುವ ಗುಣಾಣುಗಳು ವಂಶದಿಂದಲೇ ಬರುತ್ತವೆ. ಡಿಕ್ಯು೨, ಡಿಕ್ಯು೮ ಎಂದು ಅವುಗಳ ಹೆಸರು. ಆದರೆ ೨೦೧೬ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯನ್ನು ಕೇಳಿ. ಹರಿಯಾಣ, ಅಸ್ಸಾಮ್ ಮತ್ತು ನಮ್ಮ ನೆರೆಯ ವೆಲ್ಲೂರಿನಲ್ಲಿ ೨೩,೦೦೦ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದರು. ಉತ್ತರದಲ್ಲಿ ಸಾವಿರಕ್ಕೆ ಸುಮಾರು ೧೨ ಮಂದಿಯ ರಕ್ತದಲ್ಲಿ ಈ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳು ಕಂಡವು. ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ. ಗುಣಾಣುಗಳೋ, ಉತ್ತರದಲ್ಲಿ ನೂರಕ್ಕೆ ೩೮, ದಕ್ಷಿಣದಲ್ಲಿ ನೂರಕ್ಕೆ ೩೬! ಹೆಚ್ಚುಕಡಿಮೆ ಸಮಸಮ. ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ ೪೫೫ ಗ್ರಾಂ ಗೋಧಿ ತಿಂದರೆ ದಕ್ಷಿಣದವರು ೨೫ ಗ್ರಾಂ.

ಗೋಧಿಯೊಂದೇ ಎಲ್ಲಕ್ಕೂ ಕಾರಣವೆನ್ನುವಂತಿಲ್ಲ. ಫಿನ್‌ಲೆಂಡಿನಲ್ಲೂ ಗಡಿಯಾಚೆಯ ರಷ್ಯಾದ ಕರೇಲಿಯಾದಲ್ಲೂ ಗೋಧಿ ತಿನ್ನುವ ಪ್ರಮಾಣ ಹೆಚ್ಚುಕಡಿಮೆ ಒಂದೇ, ಗುಣಾಣುಗಳೂ ಹಾಗೆಯೇ. ಆದರೂ ೨೦೦೮ರ ಅಧ್ಯಯನದಲ್ಲಿ ಫಿನ್‌ಲೆಂಡಿನ ಮಕ್ಕಳಲ್ಲಿ ೧೦೭ಕ್ಕೆ ಒಬ್ಬರಿಗೆ, ಆಚೆಗೆ ೪೯೬ಕ್ಕೆ ಒಬ್ಬರಿಗೆ ಕಾಯಿಲೆ ಕಂಡಿತು. ಮೂರರಲ್ಲಿ ಒಬ್ಬರಿಗೆ ಗುಣಾಣುವಿದ್ದರೂ ಕಾಯಿಲೆ ಬರುವುದು ಕೆಲವರಿಗೆ ಮಾತ್ರ.

ಆದ್ದರಿಂದ ಅಜ್ಜಿಯ ಮಾತಿಗೆ ಉತ್ತರ ಹೀಗೆ: ಗುಣಾಣು ಗಂಡನ ಮನೆಯದೂ ಇರಬಹುದು, ತವರಿನದೂ ಇರಬಹುದು, ಎರಡೂ ಕಡೆಯದೂ ಇರಬಹುದು. ಏಳು ತಲೆಮಾರು ಅದು ಜೋಳದ ರೊಟ್ಟಿಯ ಮರೆಯಲ್ಲಿ ನಿದ್ದೆ ಮಾಡಿದ್ದರೆ ಆಶ್ಚರ್ಯವಿಲ್ಲ. ಸೊಸೆಯದು ಏನೂ ತಪ್ಪಿಲ್ಲ.

ನಮ್ಮವರು ನೆನಪಿಡಬೇಕಾದ ಮಾತುಗಳು ಇನ್ನು ಕೆಲವಿವೆ. ಮಗು ಬೆಳೆಯದಿದ್ದರೆ, ದೊಡ್ಡವರಲ್ಲೂ ರಕ್ತಹೀನತೆ ಔಷಧಿಗೆ ಬಗ್ಗದಿದ್ದರೆ, “ನಾವು ದಕ್ಷಿಣದವರು” ಎಂದು ಸುಮ್ಮನಿರದೆ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಪರೀಕ್ಷೆಗೆ ಮುಂಚೆ ಗೋಧಿ ಬಿಡಬಾರದು. ಬಿಟ್ಟರೆ ಕಾಯಿಲೆ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಒಬ್ಬರಿಗೆ ಇದೆಯೆಂದಾದರೆ ಒಡಹುಟ್ಟಿದವರೂ ತಂದೆತಾಯಿಯೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು; ಅಂಥವರಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಇದು ಕಾಣುತ್ತದೆ.

ಇದಕ್ಕೆ ಔಷಧಿಯೆಂದರೆ ಪಥ್ಯವೊಂದೇ, ಅದೂ ಜೀವಮಾನವಿಡೀ. ರವೆ, ಮೈದಾ, ಶಾವಿಗೆ ಇರಲಿ, ಊರಿನಿಂದ ಪ್ರೀತಿಯಿಂದ ತರುವ ಜವೆಗೋಧಿಯೂ ಕೂಡದು. ಅಂಗಡಿಯ ಕಟ್ಟು ಇಂಗಿನಲ್ಲಿ ಮೈದಾ ಬೆರೆತಿರುವುದುಂಟು. ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿಸಿದರೂ ತೊಂದರೆ. ಆದರೆ ಪಥ್ಯ ಎಂದೊಡನೆ ಎದೆಗುಂದಬೇಕಾಗಿಲ್ಲ. ಪಂಜಾಬದ ತಾಯಿಗೆ ರೊಟ್ಟಿಯನ್ನೇ ಬಿಡಿಸಬೇಕಾದ ಕಷ್ಟವಿದೆ. ನಮಗೆ ಜೋಳ, ರಾಗಿ, ಅಕ್ಕಿ, ಸಜ್ಜೆ, ನವಣೆ ಎಲ್ಲವೂ ಇವೆ. ದೋಸೆ, ಇಡ್ಲಿ, ಕಡುಬು, ನೀರುದೋಸೆಗಳಿಗೆ ಅಡ್ಡಿಯೇ ಇಲ್ಲ.

ಆ ಹುಡುಗಿ ಈಗ ಎರಡು ಅಂಗುಲ ಬೆಳೆದಿದ್ದಾಳೆ. ಮನೆಯಲ್ಲೇ ಬೀಸಿದ ಜೋಳದ ಹಿಟ್ಟಿನಲ್ಲಿ ಅವಳಿಗೆ ರೊಟ್ಟಿ ಬಡಿದುಕೊಡುವವರು ಆ ಅಜ್ಜಿಯೇ. ಸಂಘದ ಊಟಗಳಲ್ಲಿ ಪೂರಿಯ ಪಕ್ಕದಲ್ಲಿ ಅನ್ನವೋ ರೊಟ್ಟಿಯೋ ಬೇರೆ ಪಾತ್ರೆ, ಬೇರೆ ಸೌಟಿನಲ್ಲಿ ಇರುವಂತೆ ಕಾರ್ಯಕರ್ತರು ನೋಡಿಕೊಂಡರೆ, ಅವಳಂಥ ಮಕ್ಕಳೂ ನಮ್ಮ ಪಂಕ್ತಿಯಲ್ಲಿ ಕುಳಿತು ಉಂಡಾರು.